ಟ್ರ್ಯಾಕರ್ ಲಾಗ್ 4: ಥ್ರೆಡ್ ಇಲ್ಲದ ಹತ್ತು ತೂತು

ಪೀಣ್ಯದ ವರ್ಕ್‌ಶಾಪ್‌ನಿಂದ ಬಾರ್ನ್ ಡೋರ್ ಟ್ರ್ಯಾಕರ್‌ನ (ನಕ್ಷತ್ರಗಳ ಫೋಟೋ ತೆಗೆಯುವಾಗ ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗಿಸುವ, ಹಿಂಜ್‌ನಿಂದ ಸೇರಿದ ಎರಡು ಪ್ಲೇಟ್‌ಗಳ ಸಾಧನ) ಎರಡೂ ಪ್ಲೇಟ್ ಬಂದವು. 12 ಮಿ.ಮೀ. ಅಲ್ಯೂಮಿನಿಯಂ, ಅಂಚೆಲ್ಲ ನೀಟಾಗಿದೆ, ತೂತುಗಳು ಸರಿಯಾದ ಜಾಗದಲ್ಲೇ ಇವೆ. ಖುಷಿಯಿಂದ ಎಂ6 ರಾಡ್ (6 ಮಿ.ಮೀ. ದಪ್ಪದ, ಮೈತುಂಬ ಥ್ರೆಡ್ ಅಂದರೆ ಸ್ಕ್ರೂ ಸುರುಳಿ ಇರುವ ಸರಳು) ಇಟ್ಟು ತಿರುಗಿಸಿದೆ. ಹಿಡಿಯಲೇ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಒಳಗೆ ಥ್ರೆಡ್ಡೇ ಇಲ್ಲ. ಹತ್ತೂ ತೂತು ನುಣ್ಣಗಿವೆ.

ತಪ್ಪು ನನ್ನದೇ. ನಾನು ಕಳಿಸಿದ್ದು ಬರೀ ಸ್ಟೆಪ್ ಫೈಲ್, ಅಂದರೆ 3ಡಿ ಆಕಾರದ ಫೈಲ್. 3ಡಿ ಡಿಸೈನ್ ಸಾಫ್ಟ್‌ವೇರ್ ಫ್ರೀಕ್ಯಾಡ್‌ನ ಹೋಲ್ ಟೂಲ್‌ನಲ್ಲಿ 'ಥ್ರೆಡೆಡ್' ಟಿಕ್ ಮಾಡಿದ್ದೆ, ರಾಡ್ ತೂತಿಗೆ ಸೈಜ್ ಎಂ6 ಕೊಟ್ಟಿದ್ದೆ, ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಅದು ಮಾಡೆಲ್‌ನಲ್ಲಿ ಕೊರೆಯುವುದು ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆಯುವ ಮುಂಚಿನ 5 ಮಿ.ಮೀ. ತೂತನ್ನು ಮಾತ್ರ. ಸ್ಟೆಪ್ ಫೈಲ್‌ಗೂ ಆ ಸಿಲಿಂಡರ್ ಅಷ್ಟೇ ಹೋಯಿತು. ಮೆಷಿನ್ ಹತ್ತಿರ ನಿಂತವರಿಗೆ ಅದು ಎಂ6 ಅಂತ ಗೊತ್ತಾಗುವುದಾದರೂ ಹೇಗೆ?

ಒಳ್ಳೆಯದೇನೆಂದರೆ ಪ್ಲೇಟ್ ಹಾಳಾಗಿಲ್ಲ. 5 ಮಿ.ಮೀ. ಅಂದರೆ ಎಂ6ಗೆ ಸರಿಯಾದ ಡ್ರಿಲ್ ಸೈಜೇ. ಆ ಟಿಕ್ ಹಾಕದೇ ಇದ್ದಿದ್ದರೆ ಬೋಲ್ಟ್ ಸಲೀಸಾಗಿ ದಾಟುವ 6.6 ಮಿ.ಮೀ. ತೂತು ಬರುತ್ತಿತ್ತು, ಆಗ ಪ್ಲೇಟ್ ಗುಜರಿಗೇ.

'ಮಾಡೆಲ್ ಥ್ರೆಡ್' ಟಿಕ್ ಮಾಡಿ ನಿಜವಾದ ಸುರುಳಿ ಬರಿಸಿಯೂ ನೋಡಿದೆ. ನೋಡಲು ಚೆಂದ. ಆದರೆ ಹತ್ತು ತೂತಿಗೆ ಹಾಕಿದ ಮೇಲೆ ಸಣ್ಣ ಬದಲಾವಣೆಗೂ ಕಾಯಬೇಕಾಯಿತು. 3ಡಿ ಪ್ರಿಂಟ್ ಮಾಡುವವರಿಗೆ ಅದು ಬೇಕು. ಟ್ಯಾಪ್ ಹೊಡೆಯುವ ಲೋಹಕ್ಕೆ ಬೇಡ. ತೆಗೆದುಹಾಕಿದೆ.

ಹಾಗಾಗಿ ಎರಡು ಸಂಜೆ ಕೂತು ಫ್ರೀಕ್ಯಾಡ್‌ನ ಡ್ರಾಯಿಂಗ್ ವಿಭಾಗವಾದ ಟೆಕ್‌ಡ್ರಾನಲ್ಲಿ ಡ್ರಾಯಿಂಗ್ ಮಾಡಿದೆ. ಥ್ರೆಡ್ ಇರುವ ತೂತನ್ನು ಮೇಲಿಂದ ನೋಡಿದಂತೆ ಬರೆಯುವಾಗ ಒಳಗಿನ ವೃತ್ತ ದಪ್ಪ ಗೆರೆ, ಪೂರ್ತಿ. ಹೊರಗಿನದು ತೆಳು ಗೆರೆ, ಮುಕ್ಕಾಲು ಭಾಗ ಮಾತ್ರ. ವರ್ಕ್‌ಶಾಪ್‌ನವರ ಕಣ್ಣಿಗೆ ಆ ಮುಕ್ಕಾಲು ವೃತ್ತ ಬಿದ್ದರೆ ಸಾಕು, ಟ್ಯಾಪ್ ಬೇಕು ಅಂತ ತಿಳಿಯುತ್ತದೆ. ಟೆಕ್‌ಡ್ರಾ ಇದನ್ನು ತಾನಾಗಿ ಹಾಕುವುದಿಲ್ಲ, ಕಾಸ್ಮೆಟಿಕ್ ಥ್ರೆಡ್ ಟೂಲ್‌ನಿಂದ ಒಂದೊಂದಾಗಿ ಹಾಕಬೇಕು. ಅಳತೆಯೂ ಅಷ್ಟೇ. ವೃತ್ತ ಆರಿಸಿದರೆ ⌀5 ಅಂತ ತೋರಿಸುತ್ತದೆ. ಅದನ್ನು ಅಳಿಸಿ ನಾನೇ 'ಎಂ6 - 6ಎಚ್, ಥ್ರೂ' ಅಂತ ಬರೆದೆ (6ಎಚ್ ಅಂದರೆ ಥ್ರೆಡ್ ಎಷ್ಟು ಬಿಗಿ ಅನ್ನುವ ದರ್ಜೆ, ಥ್ರೂ ಅಂದರೆ ಆರಪಾರ).

ಈ ಬರಹ ಎಷ್ಟು ಮುಖ್ಯ ಅಂತ ಟ್ರೈಪಾಡ್ ತೂತಿಗೆ ಬಂದಾಗ ಮನಸ್ಸಿಗೆ ನಾಟಿತು. ಅದು 1/4-20 ಯುಎನ್‌ಸಿ, ಅಂದರೆ ಕಾಲು ಇಂಚು ದಪ್ಪ, ಇಂಚಿಗೆ 20 ಸುತ್ತಿನ ಥ್ರೆಡ್. ಡ್ರಿಲ್ 5.1 ಮಿ.ಮೀ. ಪಕ್ಕದ ಎಂ6ದು 5.0. ಪರದೆಯಲ್ಲಿ ಬಿಡಿ, ಕೈಯಲ್ಲಿ ಹಿಡಿದು ನೋಡಿದರೂ ಎರಡೂ ಒಂದೇ ಥರ! ಆದರೆ ಎಂ6ರ ಪಿಚ್ (ಸುತ್ತಿನಿಂದ ಸುತ್ತಿಗೆ ಇರುವ ದೂರ) 1 ಮಿ.ಮೀ., ಇನ್ನೊಂದರದು 1.27. ಟ್ಯಾಪ್ ಅದಲುಬದಲಾದರೆ ಇಡೀ ಟ್ರ್ಯಾಕರ್ ಕೆಟ್ಟಂತೆ. ಯಾಕೆಂದರೆ ನನ್ನ ಲೆಕ್ಕವೆಲ್ಲ ನಿಂತಿರುವುದು ಆ 1 ಮಿ.ಮೀ. ಮೇಲೆ. ಹಿಂಜ್‌ನಿಂದ 228.6 ಮಿ.ಮೀ. ದೂರದಲ್ಲಿ ರಾಡ್ ನಿಮಿಷಕ್ಕೆ ಒಂದು ಸುತ್ತು ತಿರುಗಿದರೆ ಮೇಲಿನ ಪ್ಲೇಟ್ ಆಕಾಶದ ವೇಗಕ್ಕೇ ಏಳುತ್ತದೆ. ಈಗ ಮಾಡೆಲ್‌ನಲ್ಲೂ ಯುಎನ್‌ಸಿ ತೂತಿಗೆ ಕೆಂಪು ಬಣ್ಣ ಹಚ್ಚಿದ್ದೇನೆ.

ಹಿಂಜ್‌ನ ಎಂಟು ಎಂ4 ತೂತುಗಳಲ್ಲೂ ಒಂದು ತಪ್ಪಿತ್ತು. ಅವು ಪ್ಲೇಟ್ ದಾಟುವುದಿಲ್ಲ. ಥ್ರೆಡ್ ಆಳ, ಡ್ರಿಲ್ ಆಳ ಎರಡೂ 7 ಮಿ.ಮೀ. ಅಂತಲೇ ಬಿಟ್ಟಿದ್ದೆ. ಟ್ಯಾಪ್‌ನ ತುದಿ ಚೂಪಾಗಿರುತ್ತೆ, ಅಲ್ವಾ? ಆ ತುದಿಗೂ ಪುಡಿಗೂ ಕೆಳಗೆ ಜಾಗ ಬೇಕು. ಈಗ ಥ್ರೆಡ್ 7, 3.3ರ ಡ್ರಿಲ್ 9.5 ಆಳ. 118 ಡಿಗ್ರಿ ಡ್ರಿಲ್ ತುದಿ ಇನ್ನೊಂದು ಮಿ.ಮೀ. ಇಳಿಯುತ್ತದೆ. ಆಮೇಲೂ ಪ್ಲೇಟ್‌ನಲ್ಲಿ 1.5 ಮಿ.ಮೀ. ಉಳಿಯುತ್ತದೆ.

ಡ್ರಾಯಿಂಗ್ ಪ್ರಿಂಟ್ ತೆಗೆದು ಪ್ಲೇಟ್ ಜೊತೆ ಕೊಟ್ಟೆ. ಟ್ಯಾಪ್ ಹೊಡೆಯುವವರು ಬೆರಳಿಟ್ಟು ಒಂದೊಂದೇ ಓದಿದರು. "ಸಾರ್, ಟ್ರೈಪಾಡ್ ತೂತು ಯಾಕೆ ಅರ್ಧಕ್ಕೆ ನಿಲ್ಲಿಸಿದ್ದೀರಾ? ಥ್ರೂ ಕೊಟ್ಬಿಡಿ. ಪುಡಿ ಕೆಳಗೆ ಬೀಳುತ್ತೆ, ಟ್ಯಾಪ್ ಮುರಿಯಲ್ಲ" ಅಂದರು. ಸರಿ ಅನ್ನಿಸಿತು. ಅಲ್ಲೇ ಪೆನ್ನಿನಲ್ಲಿ ತಿದ್ದಿದೆ. ಮನೆಗೆ ಬಂದು ಫೈಲ್‌ನಲ್ಲೂ ತಿದ್ದಿದೆ.

ಶನಿವಾರ ಪ್ಲೇಟ್ ವಾಪಸ್ ಬಂತು. ರಾಡ್ ಬರೀ ಬೆರಳಲ್ಲೇ ಇಳಿಯಿತು. ಒಂದು ಚೂರು ಅಲುಗಾಟ ಇದೆ. ಅಲ್ಯೂಮಿನಿಯಂ ಥ್ರೆಡ್ ಬೇಗ ಸವೆಯಬಹುದು, ಅದಕ್ಕೆ ಹಿತ್ತಾಳೆ ನಟ್ ಒಂದನ್ನು ಕೂರಿಸಿ ನೋಡಬೇಕು. ಮುಂದಿನ ಭಾನುವಾರ ಹಿಂಜ್.