ಪೆನ್ಸಿಲ್ ಬರಹ

ಶಿರಸಿ ಲೈಬ್ರರಿಯಿಂದ ಯಶವಂತ ಚಿತ್ತಾಲರ ‘ಶಿಕಾರಿ’ ತಂದೆ ಇವತ್ತು. 1979ರ ಕಾದಂಬರಿ, ಹಳೇ ಪ್ರತಿ, ಮಳೆಗಾಲದ ಮುಗ್ಗು ವಾಸನೆ.

ಅರ್ಧಕ್ಕೆ ಬಂದಿದ್ದೆ, ಅಂಚಲ್ಲಿ ಕಾದಂಬರಿಯ ನಾಯಕನಿಗೆ ಸಣ್ಣಕ್ಷರದ ಪೆನ್ಸಿಲ್ ಬರಹ, ‘ನಾಗಪ್ಪ, ಯಾರನ್ನೂ ನಂಬ್ಬೇಡ’. ಅದರ ಕೆಳಗೇ ಬೇರೆ ಕೈ, ನೀಲಿ ಪೆನ್ನು, ‘ಯಾರನ್ನೂ ನಂಬ್ದೆ ಬದುಕೋದು ಹೇಗೆ?’

ಒಬ್ಬರಿಗೊಬ್ಬರು ಗೊತ್ತೇ ಇರ್ಲಿಕ್ಕಿಲ್ಲ, ಮುಂಬಯಿಲಿ ಸಿಕ್ಕಿಬಿದ್ದ ಒಬ್ಬ ಮನುಷ್ಯನ ಸಲುವಾಗಿ ಇಲ್ಲಿ ಘಟ್ಟದ ಮೇಲೆ ಕೂತು ಜಗಳ ಆಡಿದಾರೆ. ಲೈಬ್ರರಿ ಪುಸ್ತಕದಲ್ಲಿ ಗೀಚೋದು ತಪ್ಪೇ, ಆದ್ರೂ ಇವರಿಬ್ಬರ ಮೇಲೆ ಪ್ರೀತಿ ಬಂತು ಮಾರಾಯ್ರೆ. ಚಿತ್ತಾಲರು ನಮ್ಮ ಉತ್ತರ ಕನ್ನಡದ ಹನೇಹಳ್ಳಿಯವ್ರಲ್ವಾ, ಅದಕ್ಕೇ ಏನೋ ಊರವ್ರೇ ಜಗಲಿ ಮೇಲೆ ಕೂತು ನಾಗಪ್ಪಂಗೆ ಬುದ್ಧಿ ಹೇಳ್ದಂಗೆ ಕಾಣ್ತು.

ನೀಲಿ ಪೆನ್ನಿನವ್ರ ಪರ ನಾನು. ಬರೆಯೋಕೆ ಪೆನ್ಸಿಲ್ ತಗೊಂಡೆ, ಮತ್ತೆ ಇಟ್ಟೆ. ಪುಸ್ತಕ ಇನ್ನೂ ಅರ್ಧ ಬಾಕಿ ಇದೆ.