ಬದಿಗಿಟ್ಟರೂ ಸರಿ

ಡಿಸೆಂಬರ್ 31ರ ರಾತ್ರಿ ನಮ್ಮ ಸಿಎಸ್ಐ (ದಕ್ಷಿಣ ಭಾರತ ಸಭೆ ಅನ್ನುವ ಕ್ರೈಸ್ತ ಸಭೆ) ದೇವಾಲಯದಲ್ಲಿ ಕೂರಲು ಜಾಗ ಸಿಗುವುದಿಲ್ಲ. ಹನ್ನೆರಡಕ್ಕೆ ಗಂಟೆ ಬಾರಿಸುತ್ತಾರೆ, ಕೈಕುಲುಕುತ್ತಾರೆ, ಕೇಕ್ ಹಂಚುತ್ತಾರೆ. ಆಮೇಲೆ ವರ್ಷದ ಮೊದಲ ಭಾನುವಾರದ ಒಡಂಬಡಿಕೆ ಆರಾಧನೆಗೆ ಅರ್ಧದಷ್ಟೂ ಜನ ಬರುವುದಿಲ್ಲ. ನನಗೆ ಅದೇ ಜಾಸ್ತಿ ಇಷ್ಟ. ಭಯವೂ ಅದರದ್ದೇ ಜಾಸ್ತಿ.

ಅಲ್ಲಿ ಎಲ್ಲರೂ ಒಟ್ಟಿಗೆ ದೇವರಿಗೆ ಹೇಳಬೇಕು. ನಾನು ನನ್ನ ಸೊತ್ತಲ್ಲ, ನಿನ್ನ ಸೊತ್ತು. ದುಡಿಮೆಗೆ ಹಚ್ಚಿದರೂ ಸರಿ, ಕಷ್ಟಕ್ಕೆ ಒಪ್ಪಿಸಿದರೂ ಸರಿ. ಕೆಲಸ ಕೊಟ್ಟರೂ ಸರಿ, ನಿನಗಾಗಿ ಬದಿಗಿಟ್ಟರೂ ಸರಿ. ಇದರಲ್ಲಿ ಹರಕೆಯ ಲೆಕ್ಕಾಚಾರ ಇಲ್ಲ. ಇದು ಕೊಟ್ಟರೆ ಅದು ಕೊಡುತ್ತೇನೆ ಅನ್ನುವ ಹಾಗಿಲ್ಲ. ಪೂರ್ತಿ ಕೈ ಬಿಡಬೇಕು.

ಈ ಆರಾಧನೆ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಶುರುಮಾಡಿದ ಬೋಧಕ ಜಾನ್ ವೆಸ್ಲಿಯವರಿಂದ ಬಂದದ್ದು. 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸುಮಾರು 1800 ಜನ ಎದ್ದು ನಿಂತು ಒಡಂಬಡಿಕೆಗೆ ಒಪ್ಪಿಗೆ ಕೊಟ್ಟರು. ಅಂದು ಓದಿದ ಮಾತು ವೆಸ್ಲಿಯವರದ್ದೂ ಅಲ್ಲ, ಹಿಂದಿನ ಶತಮಾನದ ಪ್ಯೂರಿಟನ್ (ಇಂಗ್ಲೆಂಡಿನ ಸಭೆಯನ್ನು ಶುದ್ಧಗೊಳಿಸಬೇಕೆಂದ ಪಂಥ) ಬೋಧಕ ರಿಚರ್ಡ್ ಅಲೀನ್ ಅವರದ್ದು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದವು. ಆ ದಾರಿಯಲ್ಲೇ ಇದು ನಮ್ಮವರೆಗೂ ಬಂತು.

ಉಜ್ಜೀವನ, ಅಂದರೆ ಭಕ್ತಿ ಮತ್ತೆ ಹೊತ್ತಿಕೊಳ್ಳುವುದು, ಅಂದ ಕೂಡಲೇ ನಮಗೆ ನೆನಪಾಗುವುದು ದೊಡ್ಡ ಮೈಕು, ಅಳು, ಕೂಗು. ವೆಸ್ಲಿಯವರ ಕಾಲದಲ್ಲೂ ಅಳು ಇತ್ತು. 1739ರಲ್ಲಿ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನ ಬಯಲಲ್ಲಿ ವೆಸ್ಲಿಯವರ ಜೊತೆಗಾರ ಜಾರ್ಜ್ ವೈಟ್‌ಫೀಲ್ಡ್ ಗಣಿ ಕೆಲಸದವರಿಗೆ ಬೋಧಿಸಿದಾಗ, ಮಸಿ ಹಿಡಿದ ಕೆನ್ನೆಗಳ ಮೇಲೆ ಕಣ್ಣೀರು ಬಿಳಿ ಗೆರೆ ಎಳೆದಿತ್ತಂತೆ. ಶನಿವಾರ ರಾತ್ರಿ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ಆ ಊರಿನವರೇ ಆಮೇಲೆ ರಾತ್ರಿ ಜಾಗರಣೆ ಪ್ರಾರ್ಥನೆಗೆ ಕೂತರು. ನಮ್ಮ ಡಿಸೆಂಬರ್ 31ರ ಆರಾಧನೆಯ ಒಂದು ಬೇರು ಅಲ್ಲಿದೆ.

ಆದರೆ ಕಣ್ಣೀರು ಒಣಗಿದ ಮೇಲೆ ಏನು? ನನ್ನನ್ನು ಹಿಡಿದು ನಿಲ್ಲಿಸುವುದು 1742ರ ಫೆಬ್ರವರಿಯ ಒಂದು ಸಭೆ. ಬ್ರಿಸ್ಟಲ್‌ನಲ್ಲಿ ವೆಸ್ಲಿಯವರ ಗುಂಪು ಕಟ್ಟಡ ಕಟ್ಟಿದ ಸಾಲ ಹಾಗೇ ಉಳಿದಿತ್ತು. ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣ ಅಂತ ಮಾತು ಬಂತು. ಅದೂ ಕೊಡಲಾಗದವರು ಇದ್ದಾರಲ್ಲ ಅಂದರು ಯಾರೋ. ಆಗ ಕ್ಯಾಪ್ಟನ್ ಫಾಯ್ ಅನ್ನುವವರು ಎದ್ದರು. ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಅಂದರು.

ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಯಾರು ಕುಡಿಯುತ್ತಿದ್ದಾರೆ, ಯಾವ ಮನೆಯಲ್ಲಿ ಜಗಳ ಅಂತೆಲ್ಲ ಕಾಣಿಸಿತು. ಒಬ್ಬೊಬ್ಬರ ಬದುಕನ್ನೂ ವಿಚಾರಿಸಿಕೊಳ್ಳಲು ನಾವು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಯವರಿಗೆ ಹೊಳೆಯಿತು. ಸಾಲ ತೀರಿಸುವ ಉಪಾಯವೇ ಮೆಥಡಿಸ್ಟ್ ಸಭೆಗಳ ಬೆನ್ನೆಲುಬಾಯಿತು. ಪವಿತ್ರಾತ್ಮನ ಕೆಲಸ ಹೀಗೆ ಚಿಲ್ಲರೆ ಕಾಸಿನ ಜೊತೆಗೂ ಬರುತ್ತದೆ ಅಂದರೆ ನನಗೆ ಖುಷಿಯೇ.

ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ವಾಕ್ಯ ಬಾಯಿಪಾಠ ಮಾಡಿಸಿದವರು. ಈಗ ಮಂಡಿ ನೋವು, ಕಣ್ಣೂ ಮಂಜು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಸಭಾಪಾಲಕ ಅಯ್ಯನವರೇ ಅವರ ಬೆಂಚಿಗೆ ತಂದುಕೊಡುತ್ತಾರೆ. ಬದಿಗಿಟ್ಟರೂ ಸರಿ ಅನ್ನುವ ಮಾತು ಬಂದಾಗ ಪುಸ್ತಕ ನೋಡದೆ ಜೋರಾಗಿ ಹೇಳುವವರು ಅವರೊಬ್ಬರೇ. ಒಮ್ಮೆ ಕೇಳಿದೆ, ಬೇಜಾರಾಗಲ್ವಾ ಅಂತ. "ಆಗುತ್ತೆ ಕಣಮ್ಮ. ಅದಕ್ಕೇ ಜೋರಾಗಿ ಹೇಳೋದು" ಅಂದರು.

ನನಗೆ ಹಾಗೆ ಹೇಳಲು ಇನ್ನೂ ಬಂದಿಲ್ಲ. ಕೆಲಸ ಕೊಟ್ಟರೂ ಸರಿ ಅನ್ನುವಾಗ ದನಿ ಚೆನ್ನಾಗಿಯೇ ಏಳುತ್ತದೆ. ಮುಂದಿನ ಮಾತಿಗೆ ತುಟಿ ಮಾತ್ರ ಅಲ್ಲಾಡುತ್ತದೆ. ಅಲ್ಲಿ ನನ್ನ ಪಾಲಿನ ಪೆನ್ನಿಯನ್ನೂ ಸದ್ಯಕ್ಕೆ ಆ ಅಜ್ಜಿಯೇ ಹಾಕುತ್ತಿದ್ದಾರೆ.