ಅನ್ನ ಬಿಡುವುದು, ಹೊತ್ತು ಬಿಡುವುದು: ಎರಡನ್ನೂ ಒಟ್ಟಿಗೆ ಮಾಡಬಹುದಾ?

ಮದುವೆ ಮನೆ ಪಂಕ್ತಿಯಲ್ಲಿ ಕೇಳುತ್ತಾರೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ರಾತ್ರಿ ಫೋನ್ ಮಾಡಿಯೂ ಕೇಳುತ್ತಾರೆ. "ಅಕ್ಕಾ, ನೀವು ಬೆಳಗ್ಗೆ ತಿಂಡಿನೂ ತಿನ್ನಲ್ವಂತೆ, ಅನ್ನನೂ ಬಿಟ್ಟಿದೀರಂತೆ. ಎರಡೂ ಒಟ್ಟಿಗೆ ಮಾಡಬಹುದಾ? ನಾನೂ ಸೋಮವಾರದಿಂದ ಶುರು ಮಾಡ್ಲಾ?"

ಒಟ್ಟಿಗೆ ಮಾಡಬಹುದು. ಆದರೆ ಒಟ್ಟಿಗೆ ಶುರು ಮಾಡಬೇಡಿ. ಮೊದಲು ತಟ್ಟೆ ಬದಲಾಗಲಿ. ಒಂದು ತಿಂಗಳು ಕಳೆದ ಮೇಲೆ ಹೊತ್ತಿನ ವಿಷಯ, ಅಂದರೆ ಇಂತಿಷ್ಟು ಗಂಟೆ ಏನೂ ತಿನ್ನದೆ ಇರುವುದನ್ನು, ನೋಡಿ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಬಿಡುವುದಕ್ಕೂ ಹೊತ್ತು ಬಿಡುವುದಕ್ಕೂ ಕೈ ಹಾಕಬೇಡಿ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಮ್ಮೆ ಹೀಗೆ ಅವಸರದಲ್ಲಿ ಅರ್ಧ ಉತ್ತರ ಹೇಳಿ, ನನ್ನ ಚಿಕ್ಕಪ್ಪನಿಗೇ ತೊಂದರೆ ಆಯಿತು. ಅದಕ್ಕೇ ಈಗ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಊಟ ಅಂದರೆ ಅಕ್ಕಿ. ಬೆಳಗ್ಗೆ ಕಡುಬು, ಇಲ್ಲವೇ ಅಕ್ಕಿ ರೊಟ್ಟಿ, ಇಲ್ಲವೇ ದೋಸೆ. ಮಧ್ಯಾಹ್ನ ಅನ್ನ. ಸಂಜೆ ಬೆಲ್ಲದ ಕಾಫಿ, ಜೊತೆಗೆ ಅವಲಕ್ಕಿಯೋ ಮಂಡಕ್ಕಿಯೋ. ರಾತ್ರಿ ಮತ್ತೆ ಅನ್ನ. ಹೆಸರು ಬೇರೆ ಬೇರೆ, ವಸ್ತು ಒಂದೇ. ಒಂದು ದಿನ ನನ್ನ ಮಧ್ಯಾಹ್ನದ ಅನ್ನವನ್ನು ತಕ್ಕಡಿಯಲ್ಲಿ ತೂಗಿ ನೋಡಿದೆ. 350 ಗ್ರಾಂ ಇತ್ತು. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತದೆ, ಅಂದರೆ ಪಿಷ್ಟ. ಆ ಒಂದು ಊಟಕ್ಕೇ ನೂರು ಗ್ರಾಂ ಹತ್ತಿರ ಬಂತು. ಕಡಿಮೆ ಕಾರ್ಬ್ ಊಟ ಮಾಡುವವರು ಸಾಮಾನ್ಯವಾಗಿ ಇಡೀ ದಿನಕ್ಕೆ 50ರಿಂದ 100 ಗ್ರಾಂ ಇಟ್ಟುಕೊಳ್ಳುತ್ತಾರೆ. ಕೀಟೋ ಅನ್ನುವ ಇನ್ನೂ ಕಟ್ಟುನಿಟ್ಟಿನ ಊಟ ಮಾಡುವವರು 50ಕ್ಕಿಂತ ಕೆಳಗೆ ಇರುತ್ತಾರೆ. ಈ ಕೀಟೋ ಮೊದಲು ಬಂದಿದ್ದು ತೂಕ ಇಳಿಸುವುದಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದನ್ನು ಮೂರ್ಛೆ ರೋಗದ ಚಿಕಿತ್ಸೆಗಾಗಿ ಮುಂದಿಟ್ಟರು. ಡಾಕ್ಟರ ಕಣ್ಣೆದುರು ನಡೆಯಬೇಕಾದ ಚಿಕಿತ್ಸೆ ಅದು. ಈ ಮಾತು ನೆನಪಿರಲಿ.

ನಾನು ಶುರು ಮಾಡಿದ್ದು ಮೂರು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಸಮಯದಲ್ಲಿ. ಮನೆ ತುಂಬಾ ಅಡಿಕೆ ಸುಲಿಯುವವರು. ಅಂಗಳದ ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದೇ ಸೋಮವಾರ ಅನ್ನವನ್ನೂ ಬೆಳಗಿನ ತಿಂಡಿಯನ್ನೂ ಬಿಟ್ಟೆ. ಮೂರನೇ ದಿನಕ್ಕೆ ತಲೆ ಸಿಡಿಯತೊಡಗಿತು. ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂತೆ. ನಾಲ್ಕನೇ ದಿನ ಕೋಳಿ ಸಾರಿನ ಜೊತೆ ಎಂಟು ಕಡುಬು ತಿಂದೆ. ನನ್ನಿಂದ ಇದು ಆಗುವುದಿಲ್ಲ ಅಂತ ತೀರ್ಮಾನಿಸಿ ಒಂದು ವರ್ಷ ಸುಮ್ನೆ ಇದ್ದೆ.

ಆಗ ನನಗೆ ಗೊತ್ತಿಲ್ಲದಿದ್ದ ವಿಷಯ ಇದು. ನಮ್ಮ ಲಿವರ್ ಸುಮಾರು ನೂರು ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಡುತ್ತದೆ. ಊಟ ಇಲ್ಲದ ಹೊತ್ತಿನಲ್ಲಿ ಮೊದಲು ಖರ್ಚಾಗುವುದು ಅದು. ಅದು ಕರಗಿದ ಹಾಗೆ ಮೈ ಕೊಬ್ಬಿನ ಕಡೆ ಹೆಚ್ಚು ಹೆಚ್ಚು ವಾಲುತ್ತದೆ. ವರ್ಷಗಟ್ಟಲೆ ದಿನಕ್ಕೆ ನಾಲ್ಕು ಸಲ ಅಕ್ಕಿ ತಿಂದ ಮೈಗೆ ಈ ಬದಲಾವಣೆ ಒಗ್ಗಲು ಕೆಲವು ವಾರ ಬೇಕು. ಇನ್ನೊಂದು ಉಪ್ಪಿನ ವಿಷಯ. ಕಾರ್ಬ್ ಕಡಿಮೆ ಆದಾಗ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಆಗ ಕಿಡ್ನಿ ಉಪ್ಪನ್ನೂ ನೀರನ್ನೂ ಜಾಸ್ತಿ ಹೊರಗೆ ಹಾಕುತ್ತದೆ. ನನ್ನ ತಲೆನೋವಿಗೂ ಕಾಲು ಹಿಡಿದುಕೊಂಡಿದ್ದಕ್ಕೂ ಬಹುಪಾಲು ಅದೇ ಕಾರಣ. ಎರಡನೇ ಸಲ ಶುರು ಮಾಡಿದಾಗ ದಿನಕ್ಕೆ ಎರಡು ಲೋಟ ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿದೆ. ತಲೆನೋವು ಬರಲೇ ಇಲ್ಲ. ಬಿಪಿ ಇರುವವರು ಮಾತ್ರ ಉಪ್ಪಿನ ವಿಷಯವನ್ನು ಡಾಕ್ಟರ ಹತ್ತಿರವೇ ಕೇಳಬೇಕು.

ಮೊದಲ ವಾರ ಮೂರು ಕೆಜಿ ಇಳಿಯಿತು ಅಂತ ಕುಣಿಯಬೇಡಿ ಅಂತಲೂ ಹೇಳುತ್ತೇನೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಮೂರು ಗ್ರಾಂ ಹತ್ತಿರ ನೀರು ಇರುತ್ತದೆ. ಮೊದಲು ಇಳಿಯುವುದರಲ್ಲಿ ಹೆಚ್ಚಿನದು ಆ ನೀರು.

ಹಾಗಾದರೆ ತಟ್ಟೆಯಲ್ಲಿ ಎಂತ ಇರಬೇಕು? ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಪೇಟೆಯಲ್ಲಿರುವವರು ಬೆಣ್ಣೆಹಣ್ಣು, ಬಾದಾಮಿ ಹಿಟ್ಟು, ಚೀಸ್ ಅಂತ ಪಟ್ಟಿ ಕಳಿಸುತ್ತಾರೆ. ನಮಗೆ ಅದೆಲ್ಲ ಬೇಕಿಲ್ಲ. ಮಲೆನಾಡಿನ ಹಿತ್ತಿಲಲ್ಲಿ ಕಡಿಮೆ ಕಾರ್ಬಿನ ಸಾಮಾನು ರಾಶಿ ಇದೆ. ಅನ್ನದ ಗುಡ್ಡೆಯ ಅಂಚಿನಲ್ಲಿ ಒಂದು ಚಮಚ ಬಡಿಸಿಕೊಂಡು ಅಭ್ಯಾಸ ಆಗಿದೆ, ಅಷ್ಟೇ. ಕಳಲೆ ಪಲ್ಯ, ಬಾಳೆದಿಂಡಿನ ಪಲ್ಯ, ಹೀರೆಕಾಯಿ, ಬಸಳೆ, ಮಳೆಗಾಲದ ಅಣಬೆ, ಒಂದೆಲಗದ ತಂಬುಳಿ. ಇವನ್ನೆಲ್ಲ ನಾನು ಈಗ ಬಟ್ಟಲು ತುಂಬಾ ಹಾಕಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ. ಕೋಳಿ ಸಾರು, ಮೊಟ್ಟೆ, ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನು, ಏಡಿ ಸಾರು, ಇದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ನಿಜ. ಅವರು ಗಟ್ಟಿ ಮೊಸರು, ಪನೀರ್, ಶೇಂಗಾ, ಜೊತೆಗೆ ಅಳತೆ ನೋಡಿಕೊಂಡು ಬೇಳೆ ಕಾಳು ಇಟ್ಟುಕೊಳ್ಳಬೇಕು. ಪ್ರೋಟೀನ್ ಕಡಿಮೆ ಆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ಕೊಬ್ಬು ಅಂದರೆ ತೆಂಗಿನಕಾಯಿ, ತುಪ್ಪ, ಮೊಟ್ಟೆ. 100 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು ಇದೆ. ಸಾರಿಗೆ ಕಾಯಿ ಧಾರಾಳವಾಗಿ ರುಬ್ಬಿದರೆ ಅದೇ ಸಾಕು. ಬೆಣ್ಣೆ ಹಾಕಿದ ಕಾಫಿ, ಬೆಳಗ್ಗೆ ಎರಡು ಚಮಚ ಕೊಬ್ಬರಿ ಎಣ್ಣೆ, ಇವೆಲ್ಲ ನನಗೆ ಸರಿ ಕಾಣುವುದಿಲ್ಲ. ಒಂದು ಗ್ರಾಂ ಕಾರ್ಬಿನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಊಟ ರುಚಿಯಾಗಿ ಹೊಟ್ಟೆ ತುಂಬುವಷ್ಟು ಕೊಬ್ಬು ಬೇಕು. ಅದನ್ನು ಔಷಧಿ ಥರ ಕುಡಿಯುವುದು ಬೇಡ.

ಮೋಸ ಹೋಗುವ ಜಾಗ ಕೆಲವಿವೆ. ಕುಚ್ಚಲಕ್ಕಿ ತಿಂದರೆ ಪರವಾಗಿಲ್ಲ ಅನ್ನುತ್ತಾರೆ. ಅಕ್ಕಿ ಯಾವುದಾದರೂ ಕಾರ್ಬ್ ಹೆಚ್ಚುಕಡಿಮೆ ಅಷ್ಟೇ. ರಾಗಿಯೂ ಅಕ್ಕಿಗಿಂತ ತೀರಾ ಕಡಿಮೆ ಅಲ್ಲ. ನಾರು, ಕ್ಯಾಲ್ಸಿಯಂ ಜಾಸ್ತಿ ಇದೆ ಅನ್ನುವುದು ಬೇರೆ ಮಾತು. ಹಲಸಿನ ಹಣ್ಣು, ಗೆಣಸು, ಕೆಸುವಿನ ಗಡ್ಡೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೆಲ್ಲ ಮತ್ತು ಜೇನು ಹೆಚ್ಚುಕಡಿಮೆ ಸಕ್ಕರೆಯೇ.

ತೋಟದಲ್ಲಿ ದಿನವಿಡೀ ಮೈಮುರಿದು ದುಡಿಯುವವರಿಗೆ ನಾನು ಅನ್ನ ಪೂರ್ತಿ ಬಿಡಿ ಅನ್ನುವುದಿಲ್ಲ. ಅರ್ಧ ಮಾಡಿ, ಉಳಿದ ಜಾಗಕ್ಕೆ ಪಲ್ಯ ಮತ್ತು ಮೊಟ್ಟೆ ಹಾಕಿಕೊಳ್ಳಿ ಅನ್ನುತ್ತೇನೆ. ಕೂತು ಕೆಲಸ ಮಾಡುವ ನನ್ನಂಥವರ ಲೆಕ್ಕ ಬೇರೆ, ಅವರ ಲೆಕ್ಕ ಬೇರೆ.

ಹೀಗೆ ಮೂರ್ನಾಲ್ಕು ವಾರ ಕಳೆದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಬೆಳಗ್ಗೆ ಎಂಟಕ್ಕೆ ಹಸಿವೆಯೇ ಆಗುತ್ತಿರಲಿಲ್ಲ. ಮೊದಲು ಹತ್ತೂವರೆಗೆ ಕೈ ನಡುಗುತ್ತಿತ್ತು, ಅದೂ ನಿಂತಿತು. ಆಗ ತಿಂಡಿಯನ್ನು ಒಂಬತ್ತೂವರೆಗೆ ತಳ್ಳಿದೆ. ರಾತ್ರಿ ಊಟ ಏಳೂವರೆಗೆ ಮುಗಿಯುತ್ತಿತ್ತು, ಅಲ್ಲಿಗೆ 14 ಗಂಟೆ ಆಯಿತು. ಇನ್ನೆರಡು ವಾರಕ್ಕೆ ಹನ್ನೊಂದೂವರೆಗೆ ಬಂದೆ, 16 ಗಂಟೆ. ನಡುವೆ ನೀರು, ಸಕ್ಕರೆ ಹಾಲು ಇಲ್ಲದ ಕಾಫಿ, ಬೆಲ್ಲ ಹಾಕದ ಕಷಾಯ. ಎಲೆ ಅಡಿಕೆ ಹಾಕಬಹುದಾ ಅಂತ ಕೇಳುವವರು ಬಹಳ. ಖಾಲಿ ಹೊಟ್ಟೆಯಲ್ಲಿ ಅಡಿಕೆ ಜಗಿದು ಹಸಿವನ್ನು ಮುಚ್ಚುವುದು ಬೇಡ. ನಿಜವಾಗಿ ಹಸಿದರೆ ಊಟ ಮಾಡಿ.

ನನ್ನ ಅತ್ತೆ ಕೇಳಿದ್ದು ಇನ್ನೊಂದು ಪ್ರಶ್ನೆ. "ನಾವು ಶನಿವಾರ ಒಪ್ಪೊತ್ತು ಮಾಡ್ತಿದ್ವಲ್ಲ, ಇದೂ ಅದೇ ಅಲ್ವೇನೇ?" ಒಪ್ಪೊತ್ತಿನ ದಿನ ರಾತ್ರಿ ಅನ್ನ ಇಲ್ಲ, ಸರಿ. ಆದರೆ ಅದರ ಬದಲಿಗೆ ಬರುವುದು ದೋಸೆ, ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು. ದೇವರ ಲೆಕ್ಕದಲ್ಲಿ ಅದು ಪೂರ್ತಿ ಸರಿ. ಮೈಯ ಲೆಕ್ಕದಲ್ಲಿ ಆ ದಿನವೂ ಕಾರ್ಬಿನ ದಿನವೇ. ಆದರೂ ಅತ್ತೆಯ ಹತ್ತಿರ ಒಂದು ಕಲಿತೆ. ಇಷ್ಟು ವರ್ಷ ಒಪ್ಪೊತ್ತು ಮಾಡಿದ ಅವರಿಗೆ ಹಸಿವೆಂದರೆ ಹೆದರಿಕೆ ಇಲ್ಲ.

ಹೊತ್ತು ಬಿಡುವುದರಲ್ಲಿ ಮಾಯವೇನಾದರೂ ಇದೆಯಾ? ಇಲ್ಲ ಅಂತಲೇ ಹೇಳುತ್ತೇನೆ. ಚೀನಾದ ಗುವಾಂಗ್‌ಝೌನಲ್ಲಿ 139 ಜನ ದಪ್ಪ ಇರುವವರನ್ನು ಒಂದು ವರ್ಷ ನೋಡಿದ ಅಧ್ಯಯನ 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಎಲ್ಲರೂ ಕ್ಯಾಲೊರಿ ಕಡಿಮೆ ಮಾಡಿದರು. ಅರ್ಧ ಜನ ಬೆಳಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿಂದರು. ಎರಡೂ ಗುಂಪಿನವರ ತೂಕ ಇಳಿಯಿತು. ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ಇರಲಿಲ್ಲ. ಹದಿನಾರು ಗಂಟೆ ಉಪವಾಸ ಇದ್ದರೆ ಕ್ಯಾನ್ಸರ್ ಬರುವುದಿಲ್ಲ, ಅದಕ್ಕೆ ನೊಬೆಲ್ ಕೊಟ್ಟಿದ್ದಾರೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದೆ. 2016ರಲ್ಲಿ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದಿದ್ದು, ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಅರಗಿಸಿಕೊಳ್ಳುವ ಬಗೆಯನ್ನು ಬಿಡಿಸಿ ತೋರಿಸಿದ್ದಕ್ಕೆ. ಅವರು ಮುಖ್ಯವಾಗಿ ನೋಡಿದ್ದು ಯೀಸ್ಟ್ ಕೋಶಗಳನ್ನು. ಯಾರು ಎಷ್ಟು ಗಂಟೆ ಉಪವಾಸ ಮಾಡಬೇಕು ಅಂತ ಆ ಬಹುಮಾನ ಹೇಳುವುದಿಲ್ಲ.

ನನಗೆ ಹೊತ್ತು ಅನ್ನುವುದು ಗದ್ದೆಯ ಬೇಲಿ ಇದ್ದ ಹಾಗೆ. ರಾತ್ರಿ ಎಂಟರ ಮೇಲೆ ಡಬ್ಬಿಗೆ ಕೈ ಹಾಕುವುದು ತಪ್ಪಿತು. ಬೇಲಿ ಇಲ್ಲದೆಯೂ ಕೈ ನಿಲ್ಲಿಸಬಲ್ಲವರಿಗೆ ಅದು ಬೇಕಿಲ್ಲ.

ಈಗ ಚಿಕ್ಕಪ್ಪನ ವಿಷಯ. ನನ್ನ ತೂಕ ಇಳಿದದ್ದು ನೋಡಿ ಅವರು ಕೇಳಿದರು, "ಎಂತ ಮಾಡ್ದೆ ಮಗಾ?" ನಾನು ಏನೋ ಕೆಲಸದಲ್ಲಿದ್ದೆ. "ಅನ್ನ ಬಿಟ್ಟೆ, ಬೆಳಗ್ಗೆ ತಿಂಡಿ ಬಿಟ್ಟೆ" ಅಂದೆ. ಅವರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ. ಒಂದು ವಾರದ ಮೇಲೆ, ಜುಲೈ ತಿಂಗಳು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಲು ತೋಟಕ್ಕೆ ಹೋಗಿದ್ದರು. ಮಾತ್ರೆ ನುಂಗಿದ್ದರು, ತಿಂಡಿ ತಿಂದಿರಲಿಲ್ಲ. ಹತ್ತೂವರೆ ಹೊತ್ತಿಗೆ ಆ ಚಳಿಯಲ್ಲೂ ಬೆವರತೊಡಗಿದರು. ಮಾತು ತೊದಲಿತು. ಕೆಲಸದ ಹುಡುಗರು ಔಷಧಿಯ ಗಾಳಿ ಬಡಿಯಿತು ಅಂದುಕೊಂಡು ಹೊತ್ತು ತಂದರು. ಚಿಕ್ಕಮ್ಮ ಮೊದಲು ಮಾಡಿದ ಕೆಲಸ ರಕ್ತದ ಸಕ್ಕರೆ ನೋಡಿದ್ದು. 52 ಇತ್ತು. 70ಕ್ಕಿಂತ ಕೆಳಗೆ ಬಂದರೇ ಅಪಾಯ. ಎಚ್ಚರ ಇದ್ದದ್ದರಿಂದ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿದರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಹದಿನೈದು ನಿಮಿಷ ಬಿಟ್ಟು ನೋಡಿದರೆ 78. ಆಮೇಲೆ ಊಟ ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಮಾತ್ರೆ ಸಕ್ಕರೆಯನ್ನು ಮತ್ತೆ ಎಳೆದು ಇಳಿಸಬಹುದು. ದಾರಿಯುದ್ದಕ್ಕೂ ನಾನು ಅವರ ಕೈ ಹಿಡಿದುಕೊಂಡಿದ್ದೆ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ನನ್ನನ್ನು ಕೇಳುವವರಲ್ಲೂ ಅವರು ಬಹಳ ಜನ. ಅವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಗ್ಲಿಮೆಪಿರೈಡ್ ಥರದ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಇನ್ನೊಂದು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಉಪವಾಸ, ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ ಆಗಬಹುದು. ಸಕ್ಕರೆ ಹೆಚ್ಚು ಏರದೆಯೂ ಹಾಗಾಗುತ್ತದೆ, ಹಾಗಾಗಿ ಬೇಗ ಗೊತ್ತಾಗುವುದಿಲ್ಲ. ಬಿಪಿ ಮಾತ್ರೆ ಇದ್ದರೆ ತಲೆ ಸುತ್ತಬಹುದು. ಬಸುರಿ, ಬಾಣಂತಿ, ಮಕ್ಕಳು, ಮೊದಲೇ ಸಣಕಲು ಇರುವವರು, ಕಿಡ್ನಿ ತೊಂದರೆ ಇರುವವರು ಇದನ್ನು ತಾವಾಗಿಯೇ ಮಾಡಬಾರದು. ಶುರು ಮಾಡುವ ಮೊದಲು ಮತ್ತು ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿ. ಕೆಲವರಿಗೆ ಈ ಊಟದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರುತ್ತದೆ. ನನಗೂ ಸ್ವಲ್ಪ ಏರಿತ್ತು. ಡಾಕ್ಟರು ಹೇಳಿದ ಮೇಲೆ ತುಪ್ಪ ಕಡಿಮೆ ಮಾಡಿ ಮೀನು ಮತ್ತು ಶೇಂಗಾ ಜಾಸ್ತಿ ಮಾಡಿದೆ.

ಚಿಕ್ಕಪ್ಪ ಈಗ ಹೊತ್ತು ಬಿಡುವುದಿಲ್ಲ. ಡಾಕ್ಟರ ಹತ್ತಿರ ಕೂತು ಮಾತಾಡಿ, ಅವರು ಮಾತ್ರೆಯ ಅಳತೆ ಬದಲಿಸಿದ ಮೇಲೆ, ಅನ್ನ ಮಾತ್ರ ಅರ್ಧ ಮಾಡಿದ್ದಾರೆ. ಬೆಳಗ್ಗೆ ಎಂಟಕ್ಕೆ ಎರಡು ಮೊಟ್ಟೆ, ಒಂದೇ ಒಂದು ಅಕ್ಕಿ ರೊಟ್ಟಿ, ಬಟ್ಟಲು ತುಂಬಾ ಪಲ್ಯ. ಅದಾದ ಮೇಲೆ ತೋಟಕ್ಕೆ ಹೋಗುತ್ತಾರೆ. ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಸಕ್ಕರೆ ಇರುತ್ತದೆ, ಚಿಕ್ಕಮ್ಮ ಕಟ್ಟಿ ಕೊಟ್ಟಿದ್ದು.